ಮೂರು ಮೀಟರ್ ಉದ್ದದ ಉಡವೂ, ಕಣ್ಣಿಗೆ ಕಾಣದ ನುಸಿಯೂ



ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಪ್ರಾಜೆಕ್ಟ್ ಎಂದರೆ ಅದು ಅರ್ಧ ತಾಯಂದಿರ ಪ್ರಾಜೆಕ್ಟ್ ಎಂಬುದು ನಿಮಗೆಲ್ಲ ಗೊತ್ತಿರುವ ವಿಷಯವೇ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಕಿರಿಮಗನಿಗೂ ಅಂಥದೊಂದು ಕೆಲಸ ಸಿಕ್ಕಿತ್ತು. 'ಮನುಷ್ಯರು ಹೆದರುವ ಒಂದು ಜೀವಿಯ ಬಗ್ಗೆ ಚಿತ್ರ ಸಹಿತ ಎರಡು ಪುಟ ಬರೆಯಿರಿ.' ಅವನು ಹುಲಿಯನ್ನೂ ಆರಿಸಲಿಲ್ಲ, ನಾಗರಹಾವನ್ನೂ ಆರಿಸಲಿಲ್ಲ. ಎಲ್ಲಿಂದಲೋ ಒಂದು ದೈತ್ಯ ಹಲ್ಲಿಯ ಚಿತ್ರ ತಂದು ಡ್ರಾಯಿಂಗ್ ಹಾಳೆಗೆ ಅಂಟಿಸಿದ. ಸೀಳಿದ ಹಳದಿ ನಾಲಿಗೆ, ಬಾಯಿಯಿಂದ ಜೋತು ಬಿದ್ದ ಜೊಲ್ಲು, ಕುಡುಗೋಲಿನಂತೆ ಬಾಗಿದ ಉಗುರು. ಕೆಳಗೆ ಕೆಂಪು ಅಕ್ಷರದಲ್ಲಿ 'ಕೊಮೊಡೊ ಡ್ರ್ಯಾಗನ್' ಎಂದು ಬರೆದ.

ಆ ದಿನಗಳಲ್ಲಿ ತುಮಕೂರು ಜಿಲ್ಲೆಯ ನಮ್ಮ ಊರಿನಿಂದ ಅಮ್ಮಿ ಬಂದಿದ್ದರು. ಅಮ್ಮಿ ಬಂದರೆಂದರೆ ಜೊತೆಗೆ ಒಂದು ಚೀಲ ತೆಂಗಿನಕಾಯಿ ಬರಲೇಬೇಕು. ಕನ್ನಡಕ ಏರಿಸಿಕೊಂಡು ಮೊಮ್ಮಗನ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದು ಎಲ್ಲಿರುತ್ತೆ ಮಗಾ?"

"ಇಂಡೋನೇಷ್ಯಾದಲ್ಲಿ ನಾನಿ. ಮನುಷ್ಯರನ್ನೂ ತಿನ್ನುತ್ತೆ!"

"ಅಷ್ಟು ದೂರದಿಂದ ಬಂದು ನಮ್ಮನ್ನೇನೂ ಮಾಡಲ್ಲ ಬಿಡು. ನಮ್ಮ ಮನೆ ತಿಂದದ್ದು ಇದು" ಎನ್ನುತ್ತಾ ಚೀಲದಿಂದ ಒಂದು ಕಾಯಿ ತೆಗೆದು ಅವನ ಕೈಗಿಟ್ಟರು. ಮಗ ಕಾಯಿಯನ್ನು ಹಿಂದೆ ಮುಂದೆ ತಿರುಗಿಸಿದ. ತೊಟ್ಟಿನಿಂದ ಕೆಳಗಿಳಿದ ಒಂದಷ್ಟು ಕಂದು ಕಲೆ, ಒರಟು ಬಿರುಕು ಬಿಟ್ಟರೆ ಏನೂ ಕಾಣಲಿಲ್ಲ.

"ಎಲ್ಲಿದೆ ನಾನಿ? ಏನೂ ಇಲ್ಲವಲ್ಲ!"

"ಕಾಣಿಸಿದ್ದರೆ ನಾವು ಅವತ್ತೇ ಹೆದರ್ತಿದ್ವಲ್ಲ" ಎಂದರು ಅಮ್ಮಿ.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಆದ್ದರಿಂದ ಈ ತಿಂಗಳು ಈ ಎರಡು ಜೀವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು, ಜಗತ್ತಿನ ಅತಿ ದೊಡ್ಡ ಹಲ್ಲಿ. ಇನ್ನೊಂದು, ತೆಂಗಿನ ಕಾಯಿಯ ರಸ ಹೀರುವ ನುಸಿ.

ದ್ವೀಪದ ದೈತ್ಯ

ನಮ್ಮ ಹೊಲದ ಬದುಗಳಲ್ಲಿ, ಹುತ್ತಗಳ ಬಳಿ ಓಡಾಡುವ ಉಡವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 'ಉಡದ ಪಟ್ಟು' ಎಂಬ ಮಾತನ್ನಂತೂ ಎಲ್ಲರೂ ಕೇಳಿರುತ್ತೀರಿ. ಕೊಮೊಡೊ ಡ್ರ್ಯಾಗನ್ ಈ ಉಡದ್ದೇ ಬಂಧು, ಒಂದೇ ಕುಲಕ್ಕೆ ಸೇರಿದ್ದು. ವಿಜ್ಞಾನಿಗಳು ಆ ಕುಲವನ್ನು 'ವರಾನಸ್' ಎನ್ನುತ್ತಾರೆ. ಅರಬಿ ಭಾಷೆಯಲ್ಲಿ ಉಡಕ್ಕೆ 'ವರಲ್' ಎಂಬ ಹೆಸರಿದೆ. ಅದೇ ಈ ಹೆಸರಿನ ಮೂಲ. ಬಂಧುವೇನೋ ಹೌದು, ಆದರೆ ಗಾತ್ರದಲ್ಲಿ ಮಾತ್ರ ನಮ್ಮ ಉಡ ಅದರ ಮುಂದೆ ಮರಿ. ಪೂರ್ಣ ಬೆಳೆದ ಗಂಡು ಕೊಮೊಡೊ ಮೂರು ಮೀಟರಿನವರೆಗೂ ಬೆಳೆಯಬಲ್ಲದು. ತೂಕ 70 ಕಿಲೋ ದಾಟುವುದುಂಟು. ನಿಮ್ಮ ಮನೆಯ ಮಂಚದ ಮೇಲೆ ಮಲಗಿಸಿದರೆ ತಲೆಯೋ ಬಾಲವೋ ಹೊರಗೆ ಚಾಚಿಕೊಂಡಿರುತ್ತದೆ!

ಇಡೀ ಭೂಮಿಯಲ್ಲಿ ಇದು ಸಹಜವಾಗಿ ಬದುಕುವುದು ಇಂಡೋನೇಷ್ಯಾದ ಕೆಲವೇ ದ್ವೀಪಗಳಲ್ಲಿ. ಕೊಮೊಡೊ, ರಿಂಚಾ, ಫ್ಲೋರೆಸ್ ಮತ್ತು ಸುತ್ತಲಿನ ಒಂದೆರಡು ಪುಟ್ಟ ನಡುಗಡ್ಡೆಗಳು, ಅಷ್ಟೇ. ಹೊರಜಗತ್ತಿಗೆ ಇದರ ಸುದ್ದಿ ತಲುಪಿದ್ದು 1910ರಲ್ಲಿ. 1912ರಲ್ಲಿ ಜಾವಾ ದ್ವೀಪದ ಬೋಗೋರ್ ನಗರದ ಪ್ರಾಣಿ ಸಂಗ್ರಹಾಲಯದ ನಿರ್ದೇಶಕ ಪೀಟರ್ ಔವೆನ್ಸ್ ಅದರ ವಿವರ ಪ್ರಕಟಿಸಿ ಹೆಸರಿಟ್ಟರು.

ಜಿಂಕೆ, ಕಾಡುಹಂದಿ, ಕಾಡೆಮ್ಮೆ ಇದರ ಆಹಾರ. ಸೀಳುನಾಲಿಗೆಯನ್ನು ಹೊರಚಾಚಿ ಗಾಳಿಯಲ್ಲಿನ ವಾಸನೆ ಹಿಡಿಯುತ್ತದೆ. ಕಿಲೋಮೀಟರುಗಟ್ಟಲೆ ದೂರದ ಸತ್ತ ಪ್ರಾಣಿಯನ್ನೂ ಪತ್ತೆ ಹಚ್ಚುತ್ತದೆ. ಇದರ ಬಾಯಲ್ಲಿನ ಕೊಳೆತ ಸೂಕ್ಷ್ಮಾಣುಗಳಿಂದ ಬೇಟೆ ಸಾಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2009ರಲ್ಲಿ ಪ್ರಕಟವಾದ ಸಂಶೋಧನೆ ಅದರ ಕೆಳದವಡೆಯಲ್ಲಿ ವಿಷಗ್ರಂಥಿಗಳಿರುವುದನ್ನು ತೋರಿಸಿತು. ಆ ವಿಷ ರಕ್ತ ಹೆಪ್ಪುಗಟ್ಟದಂತೆ ತಡೆದು, ರಕ್ತದೊತ್ತಡವನ್ನು ಇಳಿಸುತ್ತದೆ. 2024ರಲ್ಲಿ ಮತ್ತೊಂದು ಸಂಗತಿ ತಿಳಿದುಬಂತು. ಅದರ ಹಲ್ಲಿನ ತುದಿ ಮತ್ತು ಗರಗಸದಂಥ ಅಂಚುಗಳಿಗೆ ಕಬ್ಬಿಣದ ತೆಳು ಲೇಪನವಿದೆ. ಅದಕ್ಕೇ ಅಂಚು ಕಿತ್ತಳೆ ಬಣ್ಣವಾಗಿ ಕಾಣುತ್ತದೆ. ವಿಷವೂ ಸಾಲದೆಂದು ಕಬ್ಬಿಣದ ಹಲ್ಲು!

ಇಂಥ ಪ್ರಾಣಿಯ ಜೊತೆ ಜನರೂ ಬದುಕುತ್ತಾರೆ ಎಂದರೆ ನಂಬುತ್ತೀರಾ? ಕೊಮೊಡೊ ದ್ವೀಪದಲ್ಲಿ ಒಂದು ಹಳ್ಳಿಯಿದೆ. ಅಲ್ಲಿನವರಲ್ಲಿ ಹೆಚ್ಚಿನವರು ಮುಸ್ಲಿಮರು. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮರದ ಮನೆಗಳು, ಅಂಗಳದಲ್ಲಿ ಆಡುಗಳು, ಆಟವಾಡುವ ಮಕ್ಕಳು. ಈ ಉಡವನ್ನು ಅವರು 'ಓರಾ' ಎಂದು ಕರೆಯುತ್ತಾರೆ. ಅವರ ಹಳೆಯ ಜನಪದ ಕತೆಯೊಂದರ ಪ್ರಕಾರ ಒಬ್ಬ ತಾಯಿಗೆ ಅವಳಿ ಮಕ್ಕಳು ಹುಟ್ಟಿದವು. ಒಂದು ಮನುಷ್ಯ ಶಿಶು, ಇನ್ನೊಂದು ಓರಾ. ಹಾಗಾಗಿ ಅದು ಒಡಹುಟ್ಟು, ಕೊಲ್ಲಬಾರದು ಎಂಬ ಭಾವನೆ ತಲೆಮಾರುಗಳಿಂದ ಉಳಿದು ಬಂದಿದೆ. 2007ರಲ್ಲಿ ಆ ದ್ವೀಪದ ಪುಟ್ಟ ಬಾಲಕನೊಬ್ಬ ಕೊಮೊಡೊ ದಾಳಿಗೆ ಬಲಿಯಾದ. ಮೂರು ದಶಕಗಳ ನಂತರ ಸಂಭವಿಸಿದ ಅಂಥ ಮೊದಲ ಸಾವು ಅದು. ಆ ಸುದ್ದಿ ಲೋಕದ ಮೂಲೆಮೂಲೆಯ ಪತ್ರಿಕೆಗಳಲ್ಲಿ ಬಂತು. ಆ ತಾಯಿಯ ಸಂಕಟ ಯಾವ ಪತ್ರಿಕೆಗೂ ಅಳೆಯಲು ಬಾರದ್ದು.

ತೊಟ್ಟಿನಡಿಯ ಕಳ್ಳ

ಇನ್ನು ಅಮ್ಮಿ ತೋರಿಸಿದ ಜೀವಿ. ರಸ್ತೆ ಬದಿಯಲ್ಲಿ ಎಳನೀರು ಕುಡಿಯುವಾಗ ಕಾಯಿಯ ತೊಟ್ಟಿನ ಕೆಳಗೆ ಕಂದು ಬಣ್ಣದ, ತೊಗಟೆಯಂತೆ ಒರಟಾದ ಕಲೆಯನ್ನು ನೀವು ನೋಡಿಲ್ಲವೇ? ಕೆಲವೊಮ್ಮೆ ಅಲ್ಲಿಂದ ಅಂಟು ಸೋರಿ ಒಣಗಿರುತ್ತದೆ. ಅದು ನುಸಿಯ ಸಹಿ.

ನುಸಿ ಕೀಟವಲ್ಲ. ಜೇಡ, ಉಣ್ಣೆಗಳ ವರ್ಗಕ್ಕೆ ಸೇರಿದ ಜೀವಿ. ಆ ವರ್ಗದವಕ್ಕೆ ಸಾಮಾನ್ಯವಾಗಿ ಎಂಟು ಕಾಲು. ತೆಂಗಿನ ನುಸಿಗೆ ಮಾತ್ರ ನಾಲ್ಕೇ ಕಾಲು, ಅವೂ ತಲೆಯ ಬಳಿ. ಉಳಿದ ದೇಹ ಬಿಳಿಚಿದ ಪುಟ್ಟ ಹುಳುವಿನಂತೆ. ಉದ್ದ ಒಂದು ಮಿಲಿಮೀಟರಿನ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ. ನಿಮ್ಮ ಅಡುಗೆಮನೆಯ ಪುಡಿ ಉಪ್ಪಿನ ಹರಳಿಗಿಂತ ಚಿಕ್ಕದು. ಅಗಲವಂತೂ ತಲೆಗೂದಲಿಗಿಂತ ಕಡಿಮೆ. ಬರಿಗಣ್ಣಿಗೆ ಸಿಗುವುದಿಲ್ಲ, ಭೂತಗನ್ನಡಿ ಹಿಡಿದರೆ ಬಿಳಿ ಧೂಳಿನಂತೆ ಕಾಣುತ್ತದೆ. ಮೂರು ಮೀಟರಿನ ಕೊಮೊಡೊ ಪಕ್ಕದಲ್ಲಿ ನುಸಿಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿದರೆ ಅದರ ಉದ್ದ ತುಂಬಲು ಹನ್ನೆರಡರಿಂದ ಹದಿನೈದು ಸಾವಿರ ನುಸಿಗಳು ಬೇಕು. ಅಷ್ಟು ನುಸಿಗಳನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಪೀಡೆ ತಗುಲಿದ ಒಂದೊಂದು ಎಳೆ ಕಾಯಿಯಲ್ಲೂ ಸಾವಿರಾರು ಇರುತ್ತವೆ!

ತೆಂಗಿನ ಕಾಯಿಯ ತಲೆಯ ಮೇಲೆ ಟೋಪಿಯಂತೆ ಮುಚ್ಚಿಕೊಂಡಿರುವ ತೊಟ್ಟಿನ ಎಸಳುಗಳಿವೆಯಲ್ಲ, ನುಸಿಯ ಮನೆ ಅದರ ಅಡಿಯಲ್ಲಿ. ಕಾಯಿ ಬೆಳೆಯುವುದು ಅದೇ ಜಾಗದಿಂದ. ಅಲ್ಲಿನ ಮೃದುವಾದ ಎಳೆ ಅಂಗಾಂಶವನ್ನು ಸೂಜಿಯಂಥ ಬಾಯಿಯಿಂದ ಚುಚ್ಚಿ ರಸ ಹೀರುತ್ತದೆ. ಕಾಯಿ ಬೆಳೆದಂತೆ ಗಾಯಗೊಂಡ ಭಾಗ ಟೋಪಿಯಿಂದ ಹೊರಗೆ ಸರಿಯುತ್ತದೆ. ಮೊದಲು ಬಿಳಿ ಅಥವಾ ತಿಳಿಹಳದಿಯ ತ್ರಿಕೋನಾಕಾರದ ಮಚ್ಚೆ, ಆಮೇಲೆ ಅದೇ ಕಂದಾಗಿ ಬಿರುಕು ಬಿಡುತ್ತದೆ. ಅಂದರೆ ನಮಗೆ ಕಾಣುವ ಕಲೆ ಹಿಂದೆಂದೋ ಆದ ಗಾಯದ ಗುರುತು. ಕಳ್ಳ ಆಗಲೇ ಟೋಪಿಯೊಳಗೆ ಮುಂದಿನ ಕನ್ನ ಹಾಕುತ್ತಿರುತ್ತಾನೆ.

ಈ ನುಸಿ ವಿಜ್ಞಾನಿಗಳಿಗೆ ಪರಿಚಯವಾದದ್ದು 1965ರಲ್ಲಿ, ಮೆಕ್ಸಿಕೋ ದೇಶದ ಗೆರೆರೋ ಎಂಬ ರಾಜ್ಯದ ತೆಂಗಿನಿಂದ. ಅದರ ವೈಜ್ಞಾನಿಕ ಹೆಸರಿನಲ್ಲಿಯೂ ಆ ಊರಿನ ನೆನಪಿದೆ. ಮುಂದೆ ಅದು ದಕ್ಷಿಣ ಅಮೆರಿಕ, ಆಫ್ರಿಕಾಗಳಲ್ಲಿ ಹರಡಿತು. 1997ರ ಕೊನೆಯಲ್ಲಿ ಶ್ರೀಲಂಕಾದಲ್ಲಿ ಕಾಣಿಸಿತು. 1998ರಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆಯ ಆಂಬಲ್ಲೂರಿನಲ್ಲಿ ಪತ್ತೆಯಾಯಿತು. ಒಂದೆರಡು ವರ್ಷಗಳಲ್ಲಿ ತಮಿಳುನಾಡು ಮತ್ತು ನಮ್ಮ ಕರ್ನಾಟಕದ ತೋಟಗಳಿಗೆ ನುಗ್ಗಿತು. ರೆಕ್ಕೆ ಇಲ್ಲ, ಓಡಲು ಬಾರದು. ಗಾಳಿಯೇ ಅದರ ವಾಹನ.

ಯಾರ ಬಲ ಎಲ್ಲಿದೆ?

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಹೆಣ್ಣು ಕೊಮೊಡೊ ವರ್ಷಕ್ಕೊಮ್ಮೆ ಸುಮಾರು ಇಪ್ಪತ್ತು ಮೊಟ್ಟೆ ಇಡುತ್ತದೆ. ಮರಿ ಹೊರಬರಲು ಏಳೆಂಟು ತಿಂಗಳು ಕಾಯಬೇಕು. ಹೊರಬಂದ ಮರಿ ನೇರವಾಗಿ ಮರ ಹತ್ತಿಬಿಡುತ್ತದೆ, ಏಕೆಂದರೆ ಕೆಳಗಿದ್ದರೆ ದೊಡ್ಡ ಕೊಮೊಡೊಗಳೇ ಅದನ್ನು ತಿಂದುಹಾಕುತ್ತವೆ. ಅದು ಬೆಳೆದು ತಾನೂ ಮೊಟ್ಟೆ ಇಡುವ ಹೊತ್ತಿಗೆ ಎಷ್ಟೋ ವರ್ಷಗಳು ಉರುಳುತ್ತವೆ.

ನುಸಿಗೆ ಇಷ್ಟೆಲ್ಲ ತಾಳ್ಮೆ ಬೇಡ. ಮೊಟ್ಟೆಯಿಂದ ಪ್ರೌಢ ನುಸಿಯಾಗಲು ಅದಕ್ಕೆ ಸುಮಾರು ಹತ್ತು ದಿನ ಸಾಕು. ಒಂದು ತೆಂಗಿನ ಕಾಯಿ ಬಲಿಯಲು ಒಂದು ವರ್ಷ ಬೇಕು. ಕೊಮೊಡೊ ಮೊಟ್ಟೆಯೊಳಗಿನ ಒಂದು ಮರಿ ಕಣ್ಣು ಬಿಡುವಷ್ಟರಲ್ಲಿ ನುಸಿಯ ಇಪ್ಪತ್ತು ತಲೆಮಾರುಗಳು ಬಂದು ಹೋಗಿರುತ್ತವೆ.

ಎರಡರ ನಡುವೆ ಒಂದು ಅಚ್ಚರಿಯ ಹೋಲಿಕೆಯೂ ಇದೆ. 2006ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದ ಫ್ಲೋರಾ ಎಂಬ ಹೆಣ್ಣು ಕೊಮೊಡೊ ಗಂಡಿನ ಸಂಪರ್ಕವೇ ಇಲ್ಲದೆ ಫಲವಂತ ಮೊಟ್ಟೆಗಳನ್ನು ಇಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ಹಾಗೆ ಹುಟ್ಟುವ ಮರಿಗಳೆಲ್ಲ ಗಂಡು. ಕಣ್ಣಿಗೆ ಕಾಣದ ನುಸಿಯಲ್ಲೂ ಇದೇ ಕ್ರಮವಿದೆ. ಗಂಡಿನ ಸಂಪರ್ಕವಿಲ್ಲದ ಹೆಣ್ಣು ನುಸಿ ಇಡುವ ಮೊಟ್ಟೆಗಳಿಂದ ಗಂಡು ನುಸಿಗಳಷ್ಟೇ ಹೊರಬರುತ್ತವೆ. ಹದಿನೈದು ಸಾವಿರ ಪಟ್ಟು ಗಾತ್ರದ ಅಂತರವಿರುವ ಎರಡು ಜೀವಿಗಳಿಗೆ ಒಂದೇ ಬಗೆಯ ಕೀಲಿಕೈ!

ಆದರೆ ದೊಡ್ಡ ವ್ಯತ್ಯಾಸ ಇರುವುದು ಅವುಗಳ ರಕ್ಷಣೆಯಲ್ಲಿ. ಕೊಮೊಡೊ ಬಲಶಾಲಿ, ಆದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಆಹಾರವಾದ ಜಿಂಕೆಗಳನ್ನು ಜನ ಬೇಟೆಯಾಡಿದರೆ ಅದು ಹಸಿವಿನಿಂದ ನಲುಗುತ್ತದೆ. ಪಾದಾರ್ ಎಂಬ ದ್ವೀಪದಲ್ಲಿ 1970ರ ದಶಕದಲ್ಲಿ ಹೀಗೆಯೇ ಅದು ಕಣ್ಮರೆಯಾಯಿತು. ಅದನ್ನು ಉಳಿಸಲೆಂದು ಇಂಡೋನೇಷ್ಯಾ 1980ರಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪಿಸಿತು. 1991ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಆದರೂ 2021ರಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಕೊಮೊಡೊವನ್ನು 'ಅಪಾಯದಲ್ಲಿರುವ' ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಉಳಿದಿರುವ ಪ್ರೌಢ ಕೊಮೊಡೊಗಳು ಸುಮಾರು 1,400 ಮಾತ್ರ. ಭೂಮಿಯ ಬಿಸಿ ಏರಿ ಕಡಲು ಉಕ್ಕಿದರೆ 45 ವರ್ಷಗಳಲ್ಲಿ ಅದರ ನೆಲೆಯ ಶೇ. 30ರಷ್ಟಾದರೂ ಕಡಿಮೆಯಾಗಬಹುದು ಎಂಬುದು ಒಕ್ಕೂಟದ ಎಚ್ಚರಿಕೆ. ವಿಷ, ಕಬ್ಬಿಣದ ಹಲ್ಲು, ಮೂರು ಮೀಟರಿನ ದೇಹ, ಇವುಗಳಲ್ಲಿ ಯಾವುದೂ ಏರುವ ಕಡಲನ್ನು ಕಚ್ಚಲಾರದು.

ನುಸಿಗೆ ಉದ್ಯಾನವೂ ಇಲ್ಲ, ಕಾವಲುಗಾರನೂ ಇಲ್ಲ. ಅದರ ಕೋಟೆ ಕಾಯಿಯ ಟೋಪಿ. ಎಳೆ ಕಾಯಿಯಲ್ಲಿ ಆ ಸಂದು ಎಷ್ಟು ಕಿರಿದೆಂದರೆ ನುಸಿಯನ್ನೇ ತಿಂದು ಬದುಕುವ ಬೇರೆ ಜಾತಿಯ ನುಸಿಗಳೂ ಒಳನುಗ್ಗಲು ಕಷ್ಟಪಡುತ್ತವೆ. ಮನುಷ್ಯ ಹೊಡೆಯುವ ಔಷಧಿಯೂ ಒಳಗೆ ಇಳಿಯುವುದಿಲ್ಲ. ಚಿಕ್ಕದಾಗಿರುವುದೇ ಅದರ ಬಲ.

ಅಟ್ಟ ಬರಿದಾದ ವರ್ಷಗಳು

ಅಮ್ಮಿ 'ನಮ್ಮ ಮನೆ ತಿಂದದ್ದು' ಎಂದದ್ದು ಏಕೆಂದು ಈಗ ಹೇಳುತ್ತೇನೆ.

ಅಬ್ಬಾ ತೀರಿಕೊಂಡ ಮೇಲೆ ನಮಗೆ ಆಧಾರವಾಗಿ ಉಳಿದದ್ದು ನಲವತ್ತು ತೆಂಗಿನ ಮರಗಳು. ನಮ್ಮ ಕಡೆ ಕಾಯಿಗಳನ್ನು ಹಸಿಯಾಗಿ ಮಾರುವುದಕ್ಕಿಂತ ಉಂಡೆ ಕೊಬ್ಬರಿ ಮಾಡುವುದು ರೂಢಿ. ಬಲಿತ ಕಾಯಿಗಳನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿ ಅಲುಗಿಸಿದರೆ ಒಳಗೆ ಗಿಟುಕು ಗಡಗಡ ಎನ್ನುತ್ತದೆ. ಚಿಕ್ಕಂದಿನಲ್ಲಿ ಆ ಸದ್ದು ನಮಗೆ ಈದ್ ಬಟ್ಟೆಯ ಸದ್ದು, ಶಾಲೆಯ ಫೀಸಿನ ಸದ್ದು. ಗಿಟುಕು ತಿಪಟೂರು ಮಾರುಕಟ್ಟೆಗೆ ಹೋದ ದಿನ ಮನೆಯಲ್ಲಿ ಬಿರಿಯಾನಿ.

2000ದ ಆಸುಪಾಸಿನಲ್ಲಿ ಒಂದು ಮರದ ಕೆಲವು ಎಳೆ ಕಾಯಿಗಳ ಮೇಲೆ ಅಮ್ಮಿ ತಿಳಿಹಳದಿ ಮಚ್ಚೆ ನೋಡಿದರಂತೆ. 'ಇಷ್ಟು ಚಿಕ್ಕದು ಏನು ಮಾಡೀತು' ಎಂದು ಸುಮ್ಮನಾದರಂತೆ. ಮರುವರ್ಷ ತೋಟವೆಲ್ಲ ಅದೇ. ಹೀಚು ಉದುರಿತು. ಉಳಿದ ಕಾಯಿಗಳು ಸೊಟ್ಟಗಾಗಿ, ಮುಷ್ಟಿಯಷ್ಟಾದವು. ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡದ್ದರಿಂದ ಸುಲಿಯುವವರು ಹೆಚ್ಚು ಕೂಲಿ ಕೇಳಿದರು. ನಾರು ಗಿಡ್ಡವಾದದ್ದರಿಂದ ಹಗ್ಗ ಹೊಸೆಯುವ ಹೆಂಗಸರಿಗೂ ಕೆಲಸ ಕಡಿಮೆಯಾಯಿತು. ಅಟ್ಟದಲ್ಲಿ ಅರ್ಧ ಜಾಗ ಖಾಲಿ. ಆ ವರ್ಷವೇ ನಾನು ಬಿ.ಎಡ್.ಗೆ ಸೇರಬೇಕಿತ್ತು. ಸೇರಿದೆ ಕೂಡಾ. ಅಮ್ಮಿಯ ಕೈಯಲ್ಲಿದ್ದ ಎರಡು ಚಿನ್ನದ ಬಳೆ ಆ ಮೇಲೆ ಕಾಣಲಿಲ್ಲ. "ಕೈ ನೋವು, ತೆಗೆದಿಟ್ಟಿದ್ದೇನೆ" ಎಂದಿದ್ದರು. ಅದು ಎಲ್ಲಿಗೆ ಹೋಯಿತೆಂದು ನನಗೆ ತಿಳಿದದ್ದು ನನಗೇ ಮಕ್ಕಳಾದ ಮೇಲೆ.

ನಮ್ಮದೊಂದೇ ಮನೆಯ ಕತೆಯಲ್ಲ ಇದು. ರಾಜ್ಯದ ತೆಂಗಿನ ಸೀಮೆಯ ಸಾವಿರಾರು ಮನೆಗಳ ಕತೆ. ಕಾಯಿಯಿಂದ ಆದಾಯ ಕೈಬಿಟ್ಟಾಗ ರೈತರು ಮರದಿಂದ ನೀರಾ ಇಳಿಸಿ ಮಾರಲು ಅನುಮತಿ ಕೇಳಿದರು. ಹುಳಿಯುವ ಮೊದಲು ಸಿಹಿಯಾಗಿರುವ ತೆಂಗಿನ ಹೊಂಬಾಳೆಯ ರಸವೇ ನೀರಾ. ಅದು ಹೆಂಡವಾದೀತೆಂಬ ಕಾರಣಕ್ಕೆ ಅಂದಿನ ಅಬಕಾರಿ ಕಾನೂನು ಒಪ್ಪಲಿಲ್ಲ. ಹೋರಾಟ ಬೆಳೆಯಿತು. 2001ರಲ್ಲಿ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಮುಂದೆ ಎಷ್ಟೋ ವರ್ಷಗಳ ನಂತರ ನಿಯಮಬದ್ಧವಾಗಿ ನೀರಾ ಇಳಿಸಲು ರಾಜ್ಯದಲ್ಲಿ ಅವಕಾಶವಾಯಿತು.

ಗುಂಡು ಹಾರಿಸಿದ್ದು ನುಸಿಯಲ್ಲ, ನಿಜ. ಆದರೆ ರೈತರು ಬೀದಿಗೆ ಬರುವಂತೆ ಮಾಡಿದ ಕಾರಣಗಳ ಸರಪಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ತೊಟ್ಟಿನಡಿಯ ಆ ಬಿಳಿ ಧೂಳು ಸಿಗುತ್ತದೆ. ಕೊಮೊಡೊ ಕೊಂದ ಬಾಲಕನ ಸುದ್ದಿ ಲೋಕಕ್ಕೆಲ್ಲ ತಲುಪಿತು. ನುಸಿ ಬರಿದು ಮಾಡಿದ ಅಟ್ಟಗಳ, ಅಡವು ಹೋದ ಬಳೆಗಳ ಸುದ್ದಿ ಯಾವ ಲೋಕಕ್ಕೆ ತಲುಪಿತು?

ಬೇವು, ಬೆಳ್ಳುಳ್ಳಿ, ಸಾಬೂನು

ತೋಟವಿರುವ ಸಹೋದರಿಯರು ಕೇಳಬಹುದು, ಇದಕ್ಕೆ ಮದ್ದೇ ಇಲ್ಲವೇ ಎಂದು. ಇದೆ, ಅದರ ಸಾಮಾನು ಹೆಚ್ಚುಕಡಿಮೆ ನಮ್ಮ ಅಡುಗೆಮನೆಯಲ್ಲೇ ಸಿಗುವಂಥದ್ದು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದ ಸಿಂಪಡಣೆ ಹೀಗಿದೆ. ಒಂದು ಲೀಟರ್ ನೀರಿಗೆ 20 ಮಿಲಿ ಲೀಟರ್ ಬೇವಿನ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿಯನ್ನು ಅರೆದು ಸೋಸಿದ ರಸ, 5 ಗ್ರಾಂ ಸಾಬೂನು. ಸಾಬೂನನ್ನು ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ಎಣ್ಣೆ ಸೇರಿಸಿ ಹಾಲಿನಂತಾಗುವವರೆಗೆ ಕದಡಬೇಕು. ಆಮೇಲೆ ಬೆಳ್ಳುಳ್ಳಿ ರಸ ಮತ್ತು ಉಳಿದ ನೀರು. ಇದನ್ನು ಎಳೆಯ ಗೊನೆಗಳ ಮೇಲೆ, ತೊಟ್ಟಿನ ಸುತ್ತ ಬೀಳುವಂತೆ ವರ್ಷಕ್ಕೆ ಮೂರು ಬಾರಿ ಸಿಂಪಡಿಸಬೇಕು. ಎಣ್ಣೆ ಮತ್ತು ನೀರು ಬೇರೆಯಾಗುವ ಮುನ್ನ, ಅಂದರೆ ಕಲಸಿದ ದಿನವೇ ಬಳಸಬೇಕು.

ಮರದ ಬುಡಕ್ಕೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ, ಸಾಕಷ್ಟು ಗೊಬ್ಬರ, ಬೇಸಿಗೆಯಲ್ಲಿ ನೀರು ಕೊಟ್ಟರೆ ಮರಕ್ಕೆ ತಡೆದುಕೊಳ್ಳುವ ಶಕ್ತಿ ಬರುತ್ತದೆ. ಉದುರಿದ ಹೀಚುಗಳನ್ನು ಬುಡದಲ್ಲೇ ಬಿಡದೆ ಒಟ್ಟುಮಾಡಿ ಸುಟ್ಟುಬಿಡಿ. ನುಸಿಗೆ ರೋಗ ತರುವ ಒಂದು ಬಗೆಯ ಶಿಲೀಂಧ್ರವನ್ನು ಬೆಂಗಳೂರಿನ ವಿಜ್ಞಾನಿಗಳು ಜೈವಿಕ ಔಷಧಿಯಾಗಿ ಸಿದ್ಧಪಡಿಸಿದ್ದೂ ಉಂಟು. ಬೇರಿನ ಮೂಲಕ ಔಷಧಿ ಕೊಡುವ ಕ್ರಮವೂ ಇದೆ. ಆದರೆ ಅದನ್ನು ಹತ್ತಿರದ ತೋಟಗಾರಿಕೆ ಇಲಾಖೆಯವರನ್ನು ಕೇಳಿಯೇ ಮಾಡಿ. ಆ ಔಷಧಿ ಕೊಟ್ಟ ನಂತರ ಕಾಯಿ ಕೀಳಲು ದಿನಗಳ ಲೆಕ್ಕವಿದೆ, ತಪ್ಪಬಾರದು.

ಒಂದು ಮಾತು ಮರೆಯಬೇಡಿ. ಅಮ್ಮಿ ಇಂದಿಗೂ 'ಮೊದಲ ಮಚ್ಚೆ ನೋಡಿದಾಗಲೇ ಏನಾದರೂ ಮಾಡಬೇಕಿತ್ತು' ಎಂದು ಕೊರಗುತ್ತಾರೆ. ಆದರೆ ಅವರೊಬ್ಬರೇ ಮಾಡಿದ್ದರೆ ಹೆಚ್ಚೇನೂ ಆಗುತ್ತಿರಲಿಲ್ಲ. ನಮ್ಮ ತೋಟಕ್ಕೆ ಸಿಂಪಡಿಸಿ ಪಕ್ಕದ ತೋಟ ಬಿಟ್ಟರೆ ಮುಂದಿನ ಗಾಳಿಗೆ ಅದು ಮತ್ತೆ ಬಂದೀತು. ಆದ್ದರಿಂದಲೇ ಊರಿನವರೆಲ್ಲ ಸೇರಿ ಒಂದೇ ಸಮಯಕ್ಕೆ ಸಿಂಪಡಿಸಬೇಕು ಎಂದು ತಿಳಿದವರು ಹೇಳುತ್ತಾರೆ. ಬೇಲಿ ಮನುಷ್ಯರಿಗೆ, ನುಸಿಗೆ ಬೇಲಿಯಿಲ್ಲ. ನಮ್ಮ ಊರಿನಲ್ಲಿ ಕೊನೆಗೆ ಹಾಗೆಯೇ ಆಯಿತು. ಮಾತುಬಿಟ್ಟಿದ್ದ ಪಕ್ಕದ ತೋಟದವರ ಮನೆಗೆ ಅಮ್ಮಿಯೇ ಹೋಗಿ ಬೇವಿನ ಎಣ್ಣೆಯ ಡಬ್ಬ ಕೊಟ್ಟು ಬಂದರು. ನುಸಿ ಪೂರ್ತಿ ಹೋಗಲಿಲ್ಲ, ಇಂದಿಗೂ ತೋಟಗಳಲ್ಲಿ ಇದೆ. ಆದರೆ ಅಟ್ಟ ಮತ್ತೆ ತುಂಬತೊಡಗಿತು. ಎರಡು ಮನೆಗಳ ನಡುವೆ ಮಾತೂ ಮತ್ತೆ ಶುರುವಾಯಿತು.

ಪೇಟೆಯಲ್ಲಿರುವ ಸಹೋದರಿಯರೂ ಮಾಡಬಹುದಾದ ಒಂದು ಕೆಲಸವಿದೆ. ಎಳನೀರು ಕೊಳ್ಳುವಾಗ ಕಲೆಯಿರುವ ಕಾಯಿಯನ್ನು ನಾವು ಮೂಗು ಮುರಿದು ಪಕ್ಕಕ್ಕೆ ಸರಿಸುತ್ತೇವೆ. ನುಸಿ ಇರುವುದು ತೊಟ್ಟಿನಡಿಯ ಸಿಪ್ಪೆಯಲ್ಲಿ, ಒಳಗಿನ ನೀರಿಗೂ ತಿರುಳಿಗೂ ಅದು ಇಳಿಯುವುದಿಲ್ಲ. ಮನುಷ್ಯರಿಗೆ ಅದರಿಂದ ಯಾವ ಕಾಯಿಲೆಯೂ ಬರುವುದಿಲ್ಲ. ಕಾಯಿ ಸ್ವಲ್ಪ ಚಿಕ್ಕದಿರಬಹುದು, ನೀರು ಸಿಹಿಯೇ. ಆ ಒರಟು ಕಲೆಯ ಹಿಂದೆ ಒಂದು ಮನೆ ಇರುತ್ತದೆ, ಆ ಮನೆಯಲ್ಲಿ ಫೀಸಿಗಾಗಿ ಕಾಯುವ ಒಬ್ಬ ಮಗಳೂ ಇರಬಹುದು.

ಮಗನ ಪ್ರಾಜೆಕ್ಟ್ ಏನಾಯಿತೆಂದು ಕೇಳುತ್ತೀರಾ? ಕೊಮೊಡೊ ಚಿತ್ರವನ್ನು ಅವನು ತೆಗೆಯಲಿಲ್ಲ, ಅಷ್ಟು ಕಷ್ಟಪಟ್ಟು ಅಂಟಿಸಿದ್ದನಲ್ಲ! ಎದುರು ಪುಟದಲ್ಲಿ ಚೂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಅದರ ಸುತ್ತ ದೊಡ್ಡ ವೃತ್ತ ಬರೆದು, ಕೆಳಗೆ ಹೀಗೆ ಸೇರಿಸಿದ: 'ಇದು ಈ ಚುಕ್ಕೆಗಿಂತಲೂ ಚಿಕ್ಕದು. ನಮ್ಮ ನಾನಿಯ ಬಳೆ ತಿಂದದ್ದು ಇದೇ.'

ಅದನ್ನು ಓದಿದ ಅಮ್ಮಿ ನನ್ನ ಮುಖ ನೋಡಿದರು. ಬಳೆಯ ವಿಷಯ ಮೊಮ್ಮಗನಿಗೆ ಹೇಳಿದ್ದು ಯಾರೆಂದು ಅವರಿಗೆ ಗೊತ್ತಾಗಿತ್ತು. ಏನೂ ಅನ್ನಲಿಲ್ಲ. ಚೀಲದಿಂದ ಮತ್ತೊಂದು ಕಲೆಯ ಕಾಯಿ ತೆಗೆದು, "ತಗೋ, ಒಡೆದು ತುರಿ. ಸಂಜೆಗೆ ಮಕ್ಕಳಿಗೆ ಏನಾದ್ರೂ ಮಾಡೋಣ" ಎಂದರು.